ಮರೆವ್ವ ‘ಎಸ್ ಸಾರ್’ ಅನ್ನುವುದನ್ನು ಬಿಟ್ಟಳು

ಪಟ್ಟಂದೂರು ಅಗ್ರಹಾರದ ಬಾಡಿಗೆ ರೂಮುಗಳಿಂದ ಸುತ್ತಲಿನ ದೊಡ್ಡ ಕಟ್ಟಡಗಳಿಗೆ ಕೆಲಸಕ್ಕೆ ಹೋಗುವ ನಮ್ಮಂಥವರಿಗೆಲ್ಲ ಒಂದು ಅಭ್ಯಾಸವಿದೆ. ಮ್ಯಾನೇಜರ್ ಇಂಗ್ಲಿಷಿನಲ್ಲಿ ಏನು ಹೇಳಿದರೂ, ಅರ್ಥವಾಗಲಿ ಬಿಡಲಿ, ‘ಎಸ್ ಸಾರ್’ ಎಂದು ತಲೆಯಾಡಿಸಿಬಿಡುವುದು. ತಿಳಿಯಲಿಲ್ಲ ಅಂದರೆ ಎಲ್ಲಿ ದಡ್ಡರು ಅಂದುಕೊಳ್ಳುತ್ತಾರೋ, ಎಲ್ಲಿ ನಾಳೆಯಿಂದ ಬರಬೇಡ ಅನ್ನುತ್ತಾರೋ ಎಂಬ ಅಂಜಿಕೆ. ಮರೆವ್ವನೂ ಹಾಗೇ ತಲೆಯಾಡಿಸುತ್ತಿದ್ದಳು.

ಮರೆವ್ವ ರಾಯಚೂರು ಕಡೆಯವಳು. ಗಂಡ ಸೋಮಪ್ಪ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ. ಇವಳದು ಒಂದು ಆಫೀಸು ಕಟ್ಟಡದಲ್ಲಿ ಹೌಸ್‌ಕೀಪಿಂಗ್. ಅಲ್ಲಿಗೆ ಹೊಸ ಮ್ಯಾನೇಜರ್ ಬಂದ. ಅವನಿಗೆ ಕನ್ನಡ ಬಾರದು. ಒಂದು ಬೆಳಿಗ್ಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮರೆವ್ವನಿಗೆ ಸ್ಪಷ್ಟವಾಗಿ ಕೇಳಿಸಿದ್ದು ‘ಮಿಕ್ಸ್’ ಎಂಬುದೊಂದೇ. ಮಿಕ್ಸ್ ಅಂದರೆ ಸೇರಿಸಿ ಕಲಸುವುದು. ಗಂಡನ ಕಾಂಕ್ರೀಟ್ ಕೆಲಸದಿಂದ ಅಷ್ಟು ಅವಳಿಗೆ ಗೊತ್ತಿತ್ತು. ‘ಎಸ್ ಸಾರ್’ ಅಂದಳು. ಕಿಟಕಿಯಿಲ್ಲದ ಟಾಯ್ಲೆಟ್‌ನಲ್ಲಿ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದಳು.

ಭುಸ್ಸೆಂದು ಹೊಗೆ ಎದ್ದಿತು. ಅದು ವಿಷದ ಹೊಗೆ. ಮರೆವ್ವ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದಳು. ಒಳಗೆ ಬಗ್ಗಿ ನೆಲ ಉಜ್ಜುತ್ತಿದ್ದ ಜೊತೆಗಾತಿ ಅಂಜಿನಮ್ಮ ಬರಲಿಲ್ಲ. ಮರೆವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಮತ್ತೆ ಒಳನುಗ್ಗಿ, ಕುಸಿದುಬಿದ್ದಿದ್ದ ಅವಳನ್ನು ಎಳೆದು ತಂದಳು. ಆಸ್ಪತ್ರೆಯಲ್ಲಿ ಅಂಜಿನಮ್ಮನ ಜೀವ ಉಳಿಯಿತು. ಮೆಟ್ಟಿಲು ಹತ್ತಿದರೆ ಇವತ್ತಿಗೂ ಏದುಸಿರು ಬರುತ್ತದೆ.

ನಾನು ಬೇಡವೆಂದೇ ಹೇಳಿದ್ದೆ, ಇವಳು ಎಸ್ ಅಂದಳು ಎಂದು ಮ್ಯಾನೇಜರ್ ಎಲ್ಲರ ಮುಂದೆ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ಮರೆವ್ವ ತಲೆ ತಗ್ಗಿಸಿಕೊಂಡು ಮನೆಗೆ ಬಂದಳು.

ಪಕ್ಕದ ರೂಮಿನ ಭುವನೇಶ್ವರಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು, ಪಿಯುಸಿ ಓದಿದವಳು, ನಮ್ಮ ಮಹಿಳಾ ಸಂಘವನ್ನು ನಡೆಸುವವಳು. ಅವಳು ಮ್ಯಾನೇಜರ್ ಹೇಳಿದ್ದೇನು ಎಂದು ವಿಚಾರಿಸಿಕೊಂಡು ಬಂದು ಹೇಳಿದಳು.

“ನಮ್ಮ ಮಾತಲ್ಲಿ ಬೇಡ ಅನ್ನೋದು ಕೊನೇಲಿ ಬರುತ್ತೆ ಕಣಕ್ಕ. ಕಲಸಬೇಡ ಅಂತೀವಿ. ಇಂಗ್ಲಿಷಲ್ಲಿ ಅದು ಮೊದಲೇ ಬಂದ್ಬಿಡುತ್ತೆ. ಡೋಂಟ್ ಮಿಕ್ಸ್. ನೀನು ಕೊನೇದನ್ನ ಮಾತ್ರ ಹಿಡ್ಕೊಂಡೆ.”

ಇಷ್ಟು ಸಣ್ಣ ಮಾತಿಗೆ ಒಂದು ಜೀವ ಹೋಗುತ್ತಿತ್ತಲ್ಲ ಎಂದು ಮರೆವ್ವನಿಗೆ ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು. ಈ ಭಾಷೆಗೆ ಹೆದರುವುದು ಇನ್ನು ಸಾಕು, ಹೇಳಿಕೊಡು ಎಂದಳು. ಸೋಮಪ್ಪನಿಗೆ ಇದು ಸರಿಕಾಣಲಿಲ್ಲ.

“ಈ ವಯಸ್ಸಿನಾಗ ಕಲತು ಯಾವ ಆಫೀಸರ್ ಆಗಾಕಿ ನೀ? ಮಂದಿ ನಗ್ತಾರ.”

“ನಗಲಿ ಬಿಡ್ರಿ. ತಿಳೀಲಾರದ ಹೂಂ ಅಂದು ಒಬ್ಬಾಕಿ ಜೀವಾ ತಗೀತಿದ್ದೆ. ಅದಕ್ಕಿಂತ ನಗಿಸ್ಕೊಳ್ಳೋದು ಚಲೋ.”

ಭಾನುವಾರಗಳಂದು ವಠಾರದ ತಾರಸಿಯ ಮೇಲೆ ಪಾಠ ಶುರುವಾಯಿತು. ಅಂಜಿನಮ್ಮನೂ ನಿಂತು ನಿಂತು ಮೆಟ್ಟಿಲು ಹತ್ತಿ ಬಂದಳು. ದಿನಾ ಕಾಣುವ ಮಾತುಗಳಿಂದಲೇ ಭುವನೇಶ್ವರಿ ಆರಂಭಿಸಿದಳು. ಪುಶ್ ಅಂದರೆ ತಳ್ಳು, ಪುಲ್ ಅಂದರೆ ಎಳೆ, ಎಕ್ಸಿಟ್ ಅಂದರೆ ಹೊರಗೆ ಹೋಗುವ ದಾರಿ. ಆಮೇಲೆ ಸ್ವಲ್ಪ ವ್ಯಾಕರಣ. ‘ಐ ಕ್ಲೀನ್’ ಅಂದರೆ ದಿನಾ ತೊಳೆಯುತ್ತೇನೆ, ‘ಐ ಕ್ಲೀನ್ಡ್’ ಅಂದರೆ ಆಗಲೇ ತೊಳೆದು ಮುಗಿಸಿದೆ. ಮಾಡಲಿಲ್ಲ ಅನ್ನುವುದಕ್ಕೆ ಡಿಡ್ ನಾಟ್, ಮಾಡುವುದಿಲ್ಲ ಅನ್ನುವುದಕ್ಕೆ ವಿಲ್ ನಾಟ್. ಮರೆವ್ವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ‘ನನಗೆ ಅರ್ಥವಾಗಲಿಲ್ಲ’ ಎಂಬ ವಾಕ್ಯ. ನಾಲಿಗೆ ಹೊರಳಿದರೂ ಮನಸ್ಸು ಹಿಂಜರಿಯುತ್ತಿತ್ತು.

ಆ ವಾಕ್ಯ ಬೇಕಾದ ದಿನ ಬಂತು. ಕಟ್ಟಡಕ್ಕೆ ಯಾರೋ ದೊಡ್ಡವರು ಬರುವವರಿದ್ದರು. ಮ್ಯಾನೇಜರ್ ನಾಲ್ಕನೇ ಮಹಡಿಯ ಗಾಜಿನ ಕಡೆ ಕೈ ತೋರಿಸಿ, ಗಡಿಬಿಡಿಯಲ್ಲಿ ಏನೋ ಹೇಳಿ ಹೊರಟ. ಮರೆವ್ವ ಅವನನ್ನು ತಡೆದಳು.

“ಸಾರ್, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಸ್ಲೋಲಿ.”

ಹಿಂದೆ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಒಂದೊಂದೇ ಮಾತು ಬಿಡಿಸಿ ಹೇಳಿದ. ಹೊರಗಿನ ಸಜ್ಜದ ಮೇಲೆ ನಿಂತು ಗಾಜು ಒರೆಸಬೇಕಂತೆ. ಬೀಳದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟ್ ಕೊಟ್ಟಿರಲಿಲ್ಲ. ಈಗ ಮರೆವ್ವನಿಗೆ ಪೂರ್ತಿ ಅರ್ಥವಾಯಿತು.

“ನೋ ಬೆಲ್ಟ್, ಸಾರ್. ಐ ವಿಲ್ ನಾಟ್ ಗೋ.”

ಅವನು ಅವಳ ಉಚ್ಚಾರಣೆಯನ್ನು ಅಣಕಿಸಿ ನಕ್ಕ. ವೈಪರನ್ನು ಉಳಿದ ಹೆಂಗಸರ ಕಡೆ ಚಾಚಿದ. ಯಾರೂ ಕೈ ನೀಡಲಿಲ್ಲ. ಕಿಸಕ್ಕೆಂದವಳೂ ಬಕೆಟ್ ಕೆಳಗಿಟ್ಟು ಮರೆವ್ವನ ಪಕ್ಕಕ್ಕೆ ಬಂದು ನಿಂತಳು. ಕೆಲಸದಿಂದ ತೆಗೆಯುತ್ತೇನೆ ಎಂದು ಅವನು ಗದರಿದಾಗ ಮರೆವ್ವನ ಇಂಗ್ಲಿಷ್ ಮುಗಿದುಹೋಯಿತು.

“ತಗೀರಿ. ಬೆಲ್ಟ್ ಇಲ್ಲದ ಮಾತ್ರ ಯಾರೂ ಹೊರಗ ಕಾಲಿಡಂಗಿಲ್ಲ,” ಎಂದು ತನ್ನ ಮಾತಿನಲ್ಲೇ ಹೇಳಿದಳು. ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಾತು ಮೇಲಧಿಕಾರಿಗಳವರೆಗೂ ಹೋಯಿತು. ಗಾಜು ಒರೆಸಲು ಬೆಲ್ಟು ಹಗ್ಗ ಸಮೇತ ತರಬೇತಿ ಪಡೆದವರನ್ನೇ ಕರೆಸಿದರು. ಸಿಟ್ಟಿಗೆ ಮ್ಯಾನೇಜರ್ ಮರೆವ್ವನನ್ನು ಬೇಸ್‌ಮೆಂಟಿನ ಕೆಲಸಕ್ಕೆ ಹಾಕಿದ. ಅವಳು ಅಲ್ಲಿಯೂ ಸುಮ್ಮನಿರಲಿಲ್ಲ. ಆ್ಯಸಿಡ್, ಬ್ಲೀಚಿಂಗ್ ಪೌಡರ್ ಕ್ಯಾನುಗಳ ಮೇಲೆಲ್ಲ ಕನ್ನಡದಲ್ಲಿ ಎಚ್ಚರಿಕೆ ಅಂಟಿಸುವವರೆಗೆ ಕೇಳುತ್ತಲೇ ಇದ್ದಳು. ಈಗ ಅಂಟಿಸಿದ್ದಾರೆ.

ಬೆಲ್ಟಿನ ಗಲಾಟೆಯಾದ ಮುಂದಿನ ಭಾನುವಾರ ಸೋಮಪ್ಪ ತಾರಸಿಗೆ ಬಂದ. ಸುಮ್ಮನೆ ಗಾಳಿಗೆ ಬಂದೆ ಎಂದು ಮೂಲೆಯಲ್ಲಿ ಕುಳಿತ. ಸ್ವಲ್ಪ ಹೊತ್ತಾದ ಮೇಲೆ, ಮೇಲಿನಿಂದ ಸಾಮಾನು ಬೀಳುವಾಗ ಹುಷಾರು ಅನ್ನುವುದಕ್ಕೆ ಏನನ್ನಬೇಕು ಎಂದು ಭುವನೇಶ್ವರಿಯನ್ನು ಕೇಳಿದ. ಮರೆವ್ವ ನಗಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಕನ್ನಡ ಬಾರದವರು ನಮ್ಮೂರಿನಲ್ಲಿ ತಲೆಯೆತ್ತಿ ಓಡಾಡುತ್ತಾರೆ. ಇಂಗ್ಲಿಷ್ ಬಾರದ ನಾವೇಕೆ ನಾಚಬೇಕು? ಕಲಿಯೋಣ. ದೊಡ್ಡವರೆನಿಸಿಕೊಳ್ಳಲಿಕ್ಕಲ್ಲ, ನಮ್ಮ ಜೀವ, ನಮ್ಮ ಮರ್ಯಾದೆ ಉಳಿಸಿಕೊಳ್ಳಲಿಕ್ಕೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ, ಅದು ನಿಮ್ಮ ಹಕ್ಕು. ತಪ್ಪಾದರೂ ಗಟ್ಟಿಯಾಗಿ ಮಾತಾಡಿ. ಈ ಭಾನುವಾರವೇ ನಿಮ್ಮ ಸಂಘದಲ್ಲಿ ಸೇರಿ, ಪಕ್ಕದ ರೂಮಿನವರ ಬಾಗಿಲನ್ನೂ ತಟ್ಟಿ ಕರೆತನ್ನಿ.