ಫೋಟೋಗಳ ಬೆನ್ನಿಗೆ ಬರೆದ ಹೆಸರು

ಮದುವೆ ಸೀಜನ್ನಿನಲ್ಲಿ ನನ್ನ ಹತ್ತಿರ ಯಾರೂ ಹರಟೆಗೆ ಬರಬಾರದು. ಟಿಳಕವಾಡಿಯಲ್ಲಿ ನಮ್ಮ ಮನೆಯ ಮುಂಗೋಣೆಯೇ ನನ್ನ ಟೇಲರಿಂಗ್ ಅಂಗಡಿ. ಅರವತ್ತು ಬ್ಲೌಸು ಹೊಲಿಯಲು ಬಿದ್ದಿದ್ದವು. ಅಂಥದರಲ್ಲಿ ಅತ್ತೆ ಚಂದ್ರವ್ವ ನಂದಗಡದಿಂದ ಬಂದರು. ಗಂಟಲಲ್ಲಿ ಗಂಟಾಗಿತ್ತು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಹತ್ತೊಂಬತ್ತು ದಿನ ಉಳಿದಿತ್ತು. ಆಮೇಲೆ ಅವರಿಗೆ ಮಾತಿಲ್ಲ. ಓದು ಬರಹ ಮೊದಲೇ ಇಲ್ಲ.

ಚೀಲದಿಂದ ಅವರು ಬಟ್ಟೆಗಿಂತ ಮೊದಲು ತೆಗೆದದ್ದು ಬಿಸ್ಕೀಟಿನ ಹಳೆಯ ಡಬ್ಬಿ. ಒಳಗೆ ಎಂಬತ್ತು ಫೋಟೋ. ಅರ್ಧಕ್ಕರ್ಧ ಮುಖಗಳು ನಮಗ್ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಅತ್ತೆ ಒಬ್ಬರೇ. ಅವರ ದನಿ ಇರುವಾಗಲೇ ಹೆಸರು ಬರೆದಿಡಬೇಕೆಂದೆ.

ನನ್ನ ಗಂಡ ಶಶಿಧರ ಆಟೋ ನಗರದಲ್ಲಿ ಲೇತ್ ಕೆಲಸ ಮಾಡುತ್ತಾರೆ. “ಸೀಜನ್ ಮುಗೀಲಿ, ಆಮ್ಯಾಲ ನೋಡೂಣು ತಗೋ,” ಅಂದರು.

ನನಗೆ ಪಿತ್ತ ನೆತ್ತಿಗೇರಿತು. “ಆಮ್ಯಾಲ ನಿಮ್ಮವ್ವ ಹೆಂಗ ಹೇಳ್ತಾರ? ಕೈಸನ್ನಿ ಮಾಡಿ ಹೆಸರು ಹೇಳಾಕ ಬರ್ತೈತೇನ್ರಿ?”

ಅವರು ಹೋಗಿ ಎರಡು ಪೆನ್ಸಿಲು ತಂದುಕೊಟ್ಟರು.

ಮೊದಲು ಮೊಬೈಲಿನಲ್ಲಿ ಮಾತು ತುಂಬಿಕೊಳ್ಳಲು ನೋಡಿದೆ. ಮೊಬೈಲು ಮುಂದೆ ಹಿಡಿದರೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರೇ ಹೊರತು ಒಂದು ಮಾತಾಡಲಿಲ್ಲ. ಹಾಗಾಗಿ ಒಂದು ನೇಮ ಮಾಡಿದೆ. ದಿನಕ್ಕೆ ಐದು ಫೋಟೋ, ಬೆಳಿಗ್ಗೆ ಕುಕ್ಕರ್ ಕೂಗುವುದರೊಳಗೆ. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಿಸಬೇಡಿ ಎಂದು ಡಾಕ್ಟರೂ ತಾಕೀತು ಮಾಡಿದ್ದರು. ಅತ್ತೆ ಹೇಳುತ್ತಾರೆ, ನಾನು ಹಿಂದುಗಡೆ ಪೆನ್ಸಿಲಿನಿಂದ ಹಗುರಾಗಿ ಬರೆಯುತ್ತೇನೆ. ಮಗಳು ನೇತ್ರಾ ಎರಡೂ ಬದಿಯನ್ನು ಮೊಬೈಲಿನಲ್ಲಿ ಹಿಡಿದು ಮನೆಯವರ ಗ್ರೂಪಿಗೆ ಹಾಕುತ್ತಾಳೆ. ಡಬ್ಬಿ ಮುಚ್ಚಿದ ಮೇಲೆಯೇ ಶಟರು ಎತ್ತುವುದು. ಒಂದು ದಿನ ಮದುಮಗಳ ತಾಯಿಯೊಬ್ಬಳು ಶಟರು ಬಡಿದೇ ಬಡಿದಳು.

“ಹತ್ತು ಮಿನಿಟ್ ಕುಂದರ್ರಿ ಅಕ್ಕಾರ,” ಎಂದು ಒಳಗಿಂದಲೇ ಕೂಗಿದೆ. “ನಿಮ್ಮ ಬ್ಲೌಸೇನು ಓಡಿಹೋಗಾಂಗಿಲ್ಲ!”

ಹದಿನಾರನೆಯ ದಿನ ಎಂಬತ್ತೂ ಮುಗಿದವು. ಗೆದ್ದೆ ಅಂದುಕೊಂಡು ಹೊಲಿಗೆಗೆ ಕೂತೆ. ಮೊಬೈಲು ನೋಡುತ್ತಿದ್ದ ನೇತ್ರಾ ತಲೆಯೆತ್ತಿದಳು. ಅಜ್ಜಿಯನ್ನು ಅವಳು ಆಯಿ ಅನ್ನುತ್ತಾಳೆ.

“ಅವ್ವಾ, ‘ಮಾವ’ ಅಂತ ನಾಲ್ಕು ಮಂದಿ ಅದಾರ. ಯಾರಿಗೆ ಮಾವ? ನಿನಗೋ, ಆಯಿಗೋ?”

ಡಬ್ಬಿ ತೆಗೆದು ನೋಡಿದೆ. ಮಾವ, ದೊಡ್ಡವ್ವ, ಸಣ್ಣ ಕಾಕಾ, ನೆಗೆಣ್ಣಿ. ಅತ್ತೆ ಕರೆದಂತೆ ನಾನು ಬರೆದಿದ್ದೆ. ಯಾವ ಫೋಟೋದ ಮೇಲೂ ಹೆಸರೇ ಇಲ್ಲ! ನಾಳೆ ನೇತ್ರಾಳ ಮಕ್ಕಳು ಇದನ್ನು ಓದಿ ಏನು ತಿಳಿದುಕೊಳ್ಳಬೇಕು? ಹದಿನಾರು ದಿನದ ಕೆಲಸ ಮಣ್ಣುಪಾಲಾಗಿತ್ತು. ಹಣೆ ಹಣೆ ಬಡಿದುಕೊಂಡೆ. ನನ್ನ ದಡ್ಡತನಕ್ಕೆ ಅಳುವೇ ಬಂತು.

ಅತ್ತು ಕೂತರೆ ಆಗುವುದಿಲ್ಲ, ಉಳಿದದ್ದು ಮೂರೇ ದಿನ. ಹತ್ತು ಬ್ಲೌಸನ್ನು ಮೂರನೆಯ ಓಣಿಯ ಪದ್ಮಶ್ರೀಗೆ ಕೊಟ್ಟುಬಂದೆ. ಸೀಜನ್ನಿನಲ್ಲಿ ಕೈಯಾರೆ ಗಿರಾಕಿ ಬಿಟ್ಟುಕೊಟ್ಟದ್ದು ಅದೇ ಮೊದಲು. ಹತ್ತು ನಿಮಿಷವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ಹಂಚಿದೆ. ಅತ್ತೆಯ ದನಿ ಆಗಲೇ ಬರೀ ಉಸಿರಾಗಿತ್ತು. ಕಥೆ ಬೇಡ, ಹೆಸರಷ್ಟೇ ಸಾಕೆಂದೆ. ಶಿವಬಸವ್ವ. ಬೀರೇಶ. ಚನ್ನಬಸಯ್ಯ. ಒಂದೊಂದೇ ಅಳಿಸಿ ಒಂದೊಂದೇ ಬರೆದೆ.

ಹನ್ನೊಂದು ಫೋಟೋ ಮಾತ್ರ ಉಳಿದವು. ಅವುಗಳಲ್ಲಿದ್ದವರು ನನ್ನ ಮಾವ. ಅವರು ತೀರಿಕೊಂಡು ಹನ್ನೆರಡು ವರ್ಷ. ಅತ್ತೆ ಬೆರಳಿಟ್ಟು, “ಇವರು,” ಅನ್ನುತ್ತಿದ್ದರು, ಅಷ್ಟೇ. ಗಂಡನ ಹೆಸರನ್ನು ಅವರು ಬಾಯಲ್ಲಿ ಆಡಿದವರೇ ಅಲ್ಲ. ನನ್ನ ಮದುವೆಯಲ್ಲಿ ಹೆಂಗಸರೆಲ್ಲ ಒಡಪಿನ ಪದ್ಯದಲ್ಲಿ ಸೇರಿಸಿಯಾದರೂ ಗಂಡನ ಹೆಸರು ಹೇಳೆಂದು ಅವರಿಗೆ ಗಂಟುಬಿದ್ದಾಗ ಅಡುಗೆಮನೆಗೆ ಓಡಿಹೋಗಿದ್ದರಂತೆ.

“ನಿನಗ ಗೊತ್ತೈತಲ್ಲ ದಾನವ್ವ, ನೀನ ಬರಕೋ,” ಅಂದರು.

“ಎಲ್ಲಾರ ಹೆಸರೂ ನಿಮ್ಮ ಬಾಯಿಲೇ ಬಂದಾವು. ಇದೊಂದು ನಾ ಬರಿಯಾಂಗಿಲ್ಲ ಅತ್ತಿಯವರ.”

ಅವರು ಮುಖ ತಿರುಗಿಸಿದರು. ನಾನೂ ಹಟ ಬಿಡಲಿಲ್ಲ. ಆದರೆ ಕಡೆಯ ಸಂಜೆ ಅವರು ಗಂಜಿ ನುಂಗಲು ಒದ್ದಾಡುವುದನ್ನು ಕಂಡು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಂಥ ಹೊತ್ತಿನಲ್ಲಿ ಈ ಜೀವವನ್ನು ಗೋಳುಹೊಯ್ದುಕೊಳ್ಳುತ್ತೇನಲ್ಲ! ಆಸ್ಪತ್ರೆಯಲ್ಲಿ ಕೂತು ನಾನೇ ಬರೆದು ಮುಗಿಸೋಣವೆಂದು ಹನ್ನೊಂದನ್ನೂ ಚೀಲಕ್ಕೆ ಹಾಕಿಕೊಂಡೆ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅತ್ತೆಗೆ ಹಸಿರು ಬಟ್ಟೆ ತೊಡಿಸಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಒಳಗಿನಿಂದ ಕರೆ ಬರಬೇಕಿತ್ತು. ನಾನು ಬಾಜು ಕುರ್ಚಿಯಲ್ಲಿ ಕೂತು ಮೊದಲ ಫೋಟೋ ತಿರುವಿ ಪೆನ್ಸಿಲು ಊರಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ತಡಿ,” ಅಂದರು. ಅತ್ತಿತ್ತ ನೋಡಿದರು. ಆಮೇಲೆ ಹೇಳಿದರು, “ತಮ್ಮಣ್ಣ.”

ಬರೆದೆ. ಎರಡನೆಯ ಫೋಟೋವನ್ನು ಅವರೇ ಎಳೆದುಕೊಂಡರು. ಮುಖ ಕೆಂಪಾಗಿತ್ತು. “ತಮ್ಮಣ್ಣ.” ಒಂದು ಸಲ ಹೇಳಿದರೆ ಸಾಕಿತ್ತು, ನಾನು ಹನ್ನೊಂದರ ಮೇಲೂ ಬರೆದುಕೊಳ್ಳುತ್ತಿದ್ದೆ. ಅವರು ಬಿಡಲಿಲ್ಲ. ಪ್ರತಿ ಫೋಟೋ ನೋಡಿದರು, ಪ್ರತಿ ಸಲ ಹೇಳಿದರು.

ನರ್ಸ್ ಬಂದು ಸ್ಟ್ರೆಚರಿಗೆ ಕೈಹಚ್ಚಿದಳು. “ಸಾಕ್ರಿ ಆಯಿ, ಮಾತಾಡಬ್ಯಾಡ್ರಿ. ಹೊತ್ತಾತು.”

“ಇನ್ನೂ ಎರಡ ಅದಾವ್ರಿ ಸಿಸ್ಟರ್,” ಅಂದೆ. “ನಿಂದರ್ರಿ.”

ಆಕೆ ನನ್ನ ಮುಖ ನೋಡಿ ಸ್ಟ್ರೆಚರಿನಿಂದ ಕೈ ತೆಗೆದಳು. ಅತ್ತೆ ಹತ್ತನೆಯದು ಹೇಳಿದರು. ಹನ್ನೊಂದನೆಯ ಫೋಟೋವನ್ನು ಎದೆಯ ಮೇಲಿಟ್ಟುಕೊಂಡು, ನಾಚಿಕೆ ಬಿಟ್ಟು, ಇದ್ದಷ್ಟು ದನಿಯೆಲ್ಲ ಕೂಡಿಸಿ, ಆಚೆ ಮನೆಯಲ್ಲಿದ್ದವರನ್ನು ಕರೆಯುವ ಹಾಗೆ ಕರೆದರು.

“ತಮ್ಮಣ್ಣಾ!”

ನಾನು ಬರೆದು ಮುಗಿಸುವಷ್ಟರಲ್ಲಿ ಅವರನ್ನು ಒಳಗೆ ಒಯ್ದಿದ್ದರು.