ಬಲಗಿವಿ

ಠಣ್ಣಕ್ಕನಿಗೆ ಎಡಗಿವಿ ಇರಲಿಲ್ಲ. ಓಲೆ ಹಾಕುವುದಕ್ಕೆ ಇತ್ತು, ಕೇಳುವುದಕ್ಕೆ ಇರಲಿಲ್ಲ. ಮದುವೆಯಾಗಿ ಬಂದ ವರ್ಷವೇ ಅವಳನ್ನು ಜಾಡಿ ಕಾರ್ಖಾನೆಯ ಕಲ್ಲು ಅರೆಯುವ ಗಿರಣಿಗೆ ಸೇರಿಸಿದ್ದರು. ಗಿರಣಿಯ ಕಬ್ಬಿಣದ ಪೀಪಾಯಿ ಅವಳ ಎಡಕ್ಕೆ ತಿರುಗುತ್ತಿತ್ತು. ಮೈದುನನ ಮದುವೆಯ ಖರ್ಚು ಹುಟ್ಟುವವರೆಗೆ ಅಲ್ಲೇ ನಿಂತಳು. ಅಷ್ಟರಲ್ಲಿ ಆ ಕಿವಿ ಗಿರಣಿಯ ಪಾಲಾಯಿತು. ಆಮೇಲೆ ಗಂಡ ಲಾರಿ ಹತ್ತಿ ಹೋದವನು ಮರಳಲಿಲ್ಲ. ಹೋಗುವಾಗ ಏನು ಹೇಳಿದ ಎಂದು ಅತ್ತೆ ಕೇಳಿದರೆ, "ಎಡಗಡೆ ನಿಂತು ಹೇಳಿದ" ಎನ್ನುತ್ತಿದ್ದಳು.

ಉಳಿದದ್ದು ಬಲಗಿವಿ. ಕಾರ್ಖಾನೆಯಲ್ಲಿ ಅವಳಿಗೆ ಕೂರಲು ಸ್ಟೂಲು ಸಿಕ್ಕಿದ್ದು ಅದರಿಂದ. ಸ್ಟೂಲು ಇದ್ದದ್ದರಿಂದ ಗಂಡನಿಲ್ಲದ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು.

ಅಲ್ಲಿ ಮಾಡುತ್ತಿದ್ದದ್ದು ಆಸಿಡ್ ತುಂಬುವ ಜಾಡಿಗಳು. ಸೊಂಟದೆತ್ತರ, ಕಂದು ಮೆರುಗು, ಗಿಡ್ಡ ಕತ್ತು. ಗೂಡಿನಿಂದ ಇಳಿದ ಪ್ರತಿ ಜಾಡಿಯನ್ನೂ ಠಣ್ಣಕ್ಕನ ಮುಂದೆ ಉರುಳಿಸಿ ತರಬೇಕು. ಅವಳು ಜಾಡಿಯ ಬಾಯಿಗೆ ಬಲಗಿವಿ ಕೊಟ್ಟು, ಮರದ ಕೊಡತಿಯಿಂದ ಅದರ ಹೊಟ್ಟೆಗೆ ಒಂದೇಟು ಹಾಕುವಳು. ಠಣ್ ಎಂದರೆ ಸೀಮೆಸುಣ್ಣದ ಗೀಟು, ಜಾಡಿ ಪಾಸು. ಠಪ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದು. ಅಂಥದ್ದನ್ನು ಅವಳೇ, ಮಾಡಿದವರ ಎದುರಿಗೇ, ಸಲಾಕೆಯಿಂದ ಒಡೆಯಬೇಕು. ಬಿರುಕಿನ ಜಾಡಿ ಹಿಂಬಾಗಿಲಿಂದ ಮತ್ತೆ ಸಾಲಿಗೆ ಸೇರಬಾರದೆಂದು ಮಾಲೀಕ ಮಾಡಿದ ಕಟ್ಟಳೆ ಅದು. ಒಡೆದ ಮೇಲೆ ವಾದವಿಲ್ಲ. ಚೂರು ಬಾಚಿ ಹಿತ್ತಲ ಗುಂಡಿಗೆ ಎಸೆಯುವುದು ಮಾಡಿದವರ ಕೆಲಸ. "ಅತ್ತೆ ಒಡೆದ ಮಡಕೆಗೂ ಠಣ್ಣಕ್ಕ ಒಡೆದ ಜಾಡಿಗೂ ಬೆಲೆಯಿಲ್ಲ" ಎಂದು ಜಾಡಿ ಮಾಡುವವರು ಗೊಣಗುತ್ತಿದ್ದರು. ಗೊಣಗುವಾಗ ಅವಳ ಎಡಕ್ಕೆ ನಿಲ್ಲುತ್ತಿದ್ದರು.

ಒಡೆಯುವುದರಲ್ಲಿ ಅವಳಿಗೆ ಸುಖವಿತ್ತು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ಮಣ್ಣು ಕಲಸೋಕೆ ಬರದಿದ್ರೆ ಮಣ್ಣು ತಿನ್ನು" ಎನ್ನುವಳು. ವಾರಗಿತ್ತಿಯ ಜಾಡಿ ಒಡೆಯುವಾಗ ಒಂದು ಏಟು ಹೆಚ್ಚಿಗೆ ಹಾಕುವಳು.

ಈ ವಾರಗಿತ್ತಿ ಎಂದರೆ ಮೈದುನನ ಹೆಂಡತಿ, ಮನೆಯಲ್ಲಿ ಎಲ್ಲರೂ ಕರೆಯುವಂತೆ ಚಿಕ್ಕವಳು. ಜಾಡಿ ಮಾಡುವುದರಲ್ಲಿ ಕೈ ಚುರುಕು. ತಳಕ್ಕೆ ಹೆಬ್ಬೆರಳಿನಿಂದ ಎರಡು ಗುಳಿ ಒತ್ತುವುದು ಅವಳ ಗುರುತು. ಎದುರಿಗೆ "ಅಕ್ಕ" ಎನ್ನುವಳು, ಹಿಂದೆ "ಒಂಟಿಕಿವಿ". ಮನೆಯಲ್ಲಿ ಅಡುಗೆಕೋಣೆ ಒಂದು, ಒಲೆ ಎರಡು. ಇಬ್ಬರೂ ಮಾತಾಡುವುದು ನಡುವೆ ಕೂತ ಅತ್ತೆಯ ಮೂಲಕ.

"ಅತ್ತೆ, ಉಪ್ಪಿನ ಡಬ್ಬಿ ಯಾರೋ ನುಂಗಿದಾರೆ, ಹೊಟ್ಟೆ ನೋಯ್ತಿದ್ರೆ ಕಕ್ಕೋಕೆ ಹೇಳಿ."

"ಅತ್ತೆ, ಡಬ್ಬಿ ಅವರ ಎಡಗಡೇನೇ ಇದೆ. ಎಡಗಡೆ ಏನೂ ಗೊತ್ತಾಗಲ್ಲ, ಪಾಪ."

ಅತ್ತೆ ಎರಡೂ ಕಡೆ ತಲೆಯಾಡಿಸುವಳು. ಅವಳಿಗೆ ಎರಡೂ ಒಲೆಯಿಂದ ಊಟ ಬರುತ್ತಿತ್ತು.

ರಜೆಯ ದಿನ ಠಣ್ಣಕ್ಕ ತಲೆಗೆ ನೀರು ಹಾಕಿಕೊಂಡಳು. ನೀರು ಬಲಗಿವಿಗೆ ಹೋಗಿ ಒಳಗೆ ಗುಳುಕ್ ಎಂದಿತು. ಆಮೇಲೆ ಯಾರೋ ಬಾಗಿಲು ಹಾಕಿದಂತಾಯಿತು. ಒಂಟಿಕಾಲಲ್ಲಿ ಕುಣಿದಳು, ತಲೆ ವಾಲಿಸಿ ಬಡಿದುಕೊಂಡಳು. ಅತ್ತೆಯ ದನಿ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ಊಟಕ್ಕೆ ಕೂತರೆ ತನ್ನ ಅಗಿತ ಮಾತ್ರ ತಲೆ ತುಂಬ ಕೇಳುತ್ತಿತ್ತು. ಜಡೆಪಿನ್ನು ಬಿಚ್ಚಿ ಕೆದಕಿದಳು. ವರ್ಷಗಳಿಂದ ಅದೇ ಪಿನ್ನಿನಿಂದ ಕೆದಕಿ ಕೆದಕಿ ಗುಗ್ಗೆಯನ್ನು ತೆಗೆಯುತ್ತಿದ್ದೇನೆ ಎಂದುಕೊಂಡಿದ್ದಳು. ಒಳಕ್ಕೆ ತಳ್ಳುತ್ತಿದ್ದಳು. ಈಗಲೂ ತಳ್ಳಿದಳು. ಬಾವಿಯ ದನಿಯೂ ನಿಂತಿತು.

ಮರುದಿನ ಬೆಳಿಗ್ಗೆ ಸ್ಟೂಲಿನ ಮುಂದೆ ಮೊದಲು ಬಂದ ಜಾಡಿಯೇ ಎರಡು ಗುಳಿಯದ್ದು. ಚಿಕ್ಕವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಠಣ್ಣಕ್ಕ ಕಿವಿ ಕೊಟ್ಟು ಬಡಿದಳು. ಹತ್ತಿಯ ಮೂಟೆಗೆ ಬಡಿದಂತಾಯಿತು. ಇನ್ನೊಮ್ಮೆ ಬಡಿದಳು. ಅದೇ ಠಪ್.

ಇವತ್ತು ಕಿವಿ ಕಟ್ಟಿದೆ, ನಾಳೆ ನೋಡೋಣ ಎಂದರೆ ಮುಗಿಯುತ್ತಿತ್ತು. ಆದರೆ ಆ ಸ್ಟೂಲಿನ ಮೇಲೆ ಮೊದಲು ಒಬ್ಬ ಮುದುಕನಿದ್ದ. ಜ್ವರ ಎಂದು ಒಂದು ದಿನ ಮಲಗಿದಾಗ ಠಣ್ಣಕ್ಕ ಅಲ್ಲಿ ಕೂತಿದ್ದಳು. ಕೂತವಳು ಎದ್ದಿರಲಿಲ್ಲ. ಎದ್ದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಯಾಕಕ್ಕ, ಎರಡೆರಡು ಸಲ? ಒಂದೇಟಿಗೆ ಗೊತ್ತಾಗ್ತಿತ್ತಲ್ಲ?" ಚಿಕ್ಕವಳು ಬಲಗಡೆಯೇ ಬಗ್ಗಿ ಕೂಗಿದಳು.

ಠಣ್ಣಕ್ಕ ಸಲಾಕೆ ಎತ್ತಿದಳು. ಜಾಡಿ ನಾಲ್ಕು ಹೋಳಾಯಿತು.

ಚಿಕ್ಕವಳು ಚೂರು ಬಾಚಲು ಕೂತಳು. ಉಳಿದವರು ಚೂರನ್ನು ನೋಡದೆ ಎಸೆಯುತ್ತಿದ್ದರು, ವಾದವಿಲ್ಲವಲ್ಲ. ಇವಳು ನೋಡಿದಳು. ಬಿರುಕಿದ್ದ ಜಾಡಿ ಒಡೆದರೆ ಚೂರಿನ ಅಂಚಲ್ಲಿ ಕಪ್ಪು ಗೆರೆ ಇರುತ್ತದೆ, ಗೂಡಿನ ಹೊಗೆ ಬಿರುಕಿನೊಳಗೆ ಹೋಗಿ ಕೂತದ್ದು. ಈ ಅಂಚುಗಳು ಬೆಳ್ಳಗಿದ್ದವು, ಹಾಲುಹಲ್ಲಿನಂತೆ. ಚಿಕ್ಕವಳು ತಲೆಯೆತ್ತಿ ವಾರಗಿತ್ತಿಯ ಬಲಗಿವಿ ನೋಡಿದಳು. ಪಿನ್ನು ಗೀರಿದ ಕೆಂಪು ಕಂಡಿತು. ಬಾಯಿ ತೆರೆದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಚೂರುಗಳನ್ನು ಗುಂಡಿಗೆ ಎಸೆಯದೆ ಚೀಲಕ್ಕೆ ಹಾಕಿದಳು. ಹೋಗಿ ತನ್ನ ಇನ್ನೊಂದು ಜಾಡಿಯನ್ನು ತಾನೇ ಉರುಳಿಸಿ ತಂದಳು.

ಅದೂ ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಬೇರೆಯವರ ಜಾಡಿಗಳೂ ಒಡೆದವು. ಎಲ್ಲವನ್ನೂ ಒಡೆದರೆ ಅನುಮಾನ ಬರುತ್ತದೆಂದು ಠಣ್ಣಕ್ಕ ನಡುನಡುವೆ ಕಣ್ಣಂದಾಜಿನಲ್ಲಿ ಗೀಟು ಎಳೆದಳು. ಜಾಡಿಯವರ ಮುಖ ನೋಡಿ ತೀರ್ಮಾನ ಮಾಡಿದಳು. ಆಗದವರ ಜಾಡಿ ಒಡೆಯಿತು, ಅಂಥ ದ್ವೇಷವಿಲ್ಲದವರದ್ದು ಉಳಿಯಿತು. ಉಳಿದದ್ದು ಕಡಿಮೆ.

ಸಂಜೆ ಕಿವಿ ಡಾಕ್ಟರ ಬಳಿ ಹೋದಳು. ಅವನು ದೀಪ ಬಿಟ್ಟು ನೋಡಿ, "ಏನಮ್ಮ, ಒಳಗೆ ಗೋಡೆ ಕಟ್ಟಿದೀಯ?" ಎಂದು ಅದೇ ಕಿವಿಗೆ ಕೂಗಿದ. "ಗುಗ್ಗೆ ಕಲ್ಲಾಗಿದೆ. ಈ ಹನಿ ಬಿಡು. ಮೆತ್ತಗಾಗೋಕೆ ಐದು ದಿನ ಬೇಕು, ಆಮೇಲೆ ನೀರು ಹೊಡೆದು ತೊಳೀತೀನಿ. ಅಲ್ಲಿವರೆಗೆ ಉಬ್ಬಿ ಇನ್ನೂ ಕಡಿಮೆ ಕೇಳಿಸುತ್ತೆ."

"ನಾಳೆ ಬೆಳಿಗ್ಗೆ ಕೇಳಬೇಕು ನನಗೆ. ಈಗ್ಲೇ ಕಿತ್ತುಬಿಡಿ."

"ಕಿತ್ತರೆ ಪರದೆ ಕಿತ್ತು ಬರುತ್ತೆ. ಇನ್ನೊಂದು ಕಿವಿ ಇದೆಯಲ್ಲ, ಅದ್ರಲ್ಲಿ ಕೇಳು."

"ಅದು ತೋರಿಸೋಕೆ ಇಟ್ಟಿರೋದು" ಎಂದು ಎದ್ದಳು.

ಹನಿ ಬಿಟ್ಟ ಮೇಲೆ ಡಾಕ್ಟರ್ ಹೇಳಿದಂತೆಯೇ ಆಯಿತು. ಕೊಡತಿಯ ಏಟು ಕೈಗೆ ಗೊತ್ತಾಗುತ್ತಿತ್ತು, ಕಿವಿಗೆ ಇಲ್ಲ. ಎರಡನೆಯ ದಿನವೂ ಒಡೆದಳು. ಮನೆಯಲ್ಲಿ ಅತ್ತೆ ಕೇಳಿದ್ದಕ್ಕೆಲ್ಲ "ಹೂಂ" ಎಂದಳು. ಚಿಕ್ಕವಳು ಒಲೆಯ ಮುಂದೆ ಬೆನ್ನು ಹಾಕಿ ಕೂತು, ಜೋರಾಗಿಯೇ, "ಒಂಟಿಕಿವಿ, ಹೆಣಕ್ಕೆ ಹುಟ್ಟಿದವಳೇ, ನನ್ನ ಒಲೆ ಬೂದೀನೂ ನೀನೇ ಬಳಿ" ಎಂದು ಬೈದು ನೋಡಿದಳು. ಠಣ್ಣಕ್ಕ ತನ್ನ ಪಾಡಿಗೆ ತಟ್ಟೆ ತೊಳೆಯುತ್ತಿದ್ದಳು. ಅತ್ತೆಯ ಬಾಯಿ ತೆರೆದೇ ಉಳಿಯಿತು. ಗೋಡೆಗೊರಗಿದ್ದ ಮೈದುನ ಮಾತ್ರ, "ಹೇಳಿಬಿಡು ಅತ್ತಿಗೆಗೆ, ಕೆಲಸ ಹೋಗುತ್ತೆ ಅವಳದ್ದು" ಎಂದ.

"ಹೋಗ್ಲಿ ಅಂತಾನೇ" ಎಂದಳು ಹೆಂಡತಿ. ಅವನು ಎದ್ದು ಹೊರಗೆ ಹೋದ. ಅವನೂ ಹೇಳಲಿಲ್ಲ.

ಮರುದಿನ ಊಟಕ್ಕೆ ಮುಂಚೆ ಚಿಕ್ಕವಳು ಚೀಲವನ್ನು ಮೇಸ್ತ್ರಿಯ ಮುಂದೆ ಸುರಿದಳು. ಮೇಸ್ತ್ರಿ ಚೂರುಗಳನ್ನು ಎತ್ತಿ ತಿರುಗಿಸಿ ನೋಡಿದ. ಗುಂಡಿಯಲ್ಲಿ ಮೇಲೆ ಬಿದ್ದಿದ್ದ ಆ ಮೂರು ದಿನದ ಚೂರುಗಳನ್ನೂ ತರಿಸಿದ. ಎಲ್ಲ ಅಂಚೂ ಬಿಳಿ. ಅವನು ಸದ್ದಿಲ್ಲದೆ ಬಂದು ಸ್ಟೂಲಿನ ಹಿಂದೆ ನಿಂತ. ಸುತ್ತ ಜಾಡಿಯವರೆಲ್ಲ ಸೇರಿದರು. ಠಣ್ಣಕ್ಕ ಜಾಡಿಯೊಂದಕ್ಕೆ ಕಿವಿ ಕೊಟ್ಟು ಕಣ್ಣು ಮುಚ್ಚಿದ್ದಳು, ಹಾಗೆ ಮಾಡಿದರೆ ಕೇಳಿದಂತೆ ಕಾಣುತ್ತದೆ.

"ಅಕ್ಕ, ನಿನ್ನ ಸ್ಟೂಲಿನ ಕೆಳಗೆ ಹಾವಿದೆ" ಎಂದ ಮೇಸ್ತ್ರಿ, ಮಾಮೂಲಿ ದನಿಯಲ್ಲಿ.

ಅವಳು ಕದಲಲಿಲ್ಲ.

"ಹಾವು ಕಾಲು ಸುತ್ತಿಕೊಂಡಿದೆ ಅಕ್ಕ!" ಎಂದ ಇನ್ನೊಬ್ಬ, ತುಸು ಗಟ್ಟಿಯಾಗಿ.

ನಗು ಎಷ್ಟು ಜೋರಾಗಿತ್ತೆಂದರೆ ಗೂಡಿನ ಮೇಲಿದ್ದವನೂ ಇಣುಕಿದ. ಠಣ್ಣಕ್ಕ ಕಣ್ಣು ಬಿಟ್ಟಾಗ ಎದುರಿಗೆ ಬರೀ ಹಲ್ಲುಗಳಿದ್ದವು. ಏನಾಯಿತೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಮೇಸ್ತ್ರಿ ಕೊಡತಿಯನ್ನು ಕೈಯಿಂದ ಕಿತ್ತು ಚಿಕ್ಕವಳಿಗೆ ಕೊಟ್ಟ.

"ಇನ್ನು ಮೂರು ದಿನಕ್ಕೆ ಸರಿಹೋಗುತ್ತೆ, ಬರೀ ಗುಗ್ಗೆ" ಎಂದಳು ಠಣ್ಣಕ್ಕ. ತನ್ನ ದನಿ ಎಷ್ಟು ಜೋರಾಗಿದೆ ಎಂದು ಅವಳಿಗೆ ತಿಳಿಯಲಿಲ್ಲ. ಎಲ್ಲರೂ ಮತ್ತೊಮ್ಮೆ ನಕ್ಕರು. ಅವಳನ್ನು ಮಣ್ಣು ತುಳಿಯುವ ಅಂಗಳಕ್ಕೆ ಹಾಕಿದರು.

ತೊಳೆಯುವ ದಿನ ಡಾಕ್ಟರ್ ಅವಳ ಕೈಗೆ ಬಟ್ಟಲು ಕೊಟ್ಟು ಕಿವಿಯ ಕೆಳಗೆ ಹಿಡಿಯಲು ಹೇಳಿದ. ಉಗುರುಬೆಚ್ಚಗಿನ ನೀರು ಹೊಡೆದ. ತಲೆಯೊಳಗೆ ಲಾರಿ ಹೋದಂತಾಯಿತು. ಎರಡನೆಯದಕ್ಕೆ ಬಟ್ಟಲಲ್ಲಿ ಏನೋ ಬಿತ್ತು. ಕಡಲೆಕಾಳಿನಷ್ಟು ದಪ್ಪ, ಕಂದು ಮೆರುಗು, ಜಾಡಿಯದ್ದೇ ಬಣ್ಣ. ಒಮ್ಮೆಲೇ ಫ್ಯಾನು, ಬೀದಿ, ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಮಡಚುವುದು, ಎಲ್ಲ ಒಳಗೆ ನುಗ್ಗಿದವು.

"ಪರದೆ ಗಟ್ಟಿ ಇದೆ" ಎಂದ ಡಾಕ್ಟರ್. "ಇನ್ನು ಪಿನ್ನು ತಲೆಗೆ ಮಾತ್ರ."

"ಕೂಗಬೇಡಿ" ಎಂದಳು.

ಆ ಕಾಳನ್ನು ಕಾಗದದಲ್ಲಿ ಕಟ್ಟಿಕೊಂಡು ನೇರ ಕಾರ್ಖಾನೆಗೆ ಹೋಗಿ ಮೇಸ್ತ್ರಿಯ ಮೇಜಿನ ಮೇಲೆ ಬಿಚ್ಚಿದಳು. "ನೋಡು. ಇದೇ ಇದ್ದದ್ದು. ಈಗ ಕೇಳುತ್ತೆ."

"ಥೂ, ಊಟದ ಡಬ್ಬಿ ಪಕ್ಕ! ತೆಗೀ ಅದನ್ನ."

"ಸ್ಟೂಲು ಕೊಡು."

"ಕೇಳಿದ್ರೆ ಕೇಳ್ಲಿ. ಹೋಗಿ ಮಣ್ಣು ತುಳಿ. ಅದಕ್ಕೆ ಕಿವಿ ಬೇಡ."

ಮಣ್ಣು ತುಳಿಯುವ ಅಂಗಳಕ್ಕೂ ಜಾಡಿ ಬಡಿಯುವ ಜಾಗಕ್ಕೂ ನಡುವೆ ತಗಡಿನ ಗೋಡೆ ಮಾತ್ರ. ಠಣ್ಣಕ್ಕ ಮೊಣಕಾಲವರೆಗೆ ಕೆಸರಲ್ಲಿ ನಿಂತು ಕೇಳಿದಳು. ಠಣ್. ಠಣ್. ಎಲ್ಲ ಸ್ಪಷ್ಟ. ಮೈದುನ ಪಾಸಾದ ಜಾಡಿಗಳನ್ನು ಪಕ್ಕದ ಶೆಡ್ಡಿಗೆ ಉರುಳಿಸುತ್ತಿದ್ದ. ಅಲ್ಲಿ ಆಸಿಡ್ ತುಂಬಿದ ಮೇಲೆ ಜೊತೆಗೊಬ್ಬನನ್ನು ಇಟ್ಟುಕೊಂಡು ಬೊಂಬಿಗೆ ತೂಗುಹಾಕಿ ಲಾರಿಗೆ ಹೊರುವುದೂ ಅವನದ್ದೇ ಕೆಲಸ.

ಮಧ್ಯಾಹ್ನ ಗೋಡೆಯಾಚೆ ಒಂದು ಜಾಡಿ ಬಂತು. ಏಟು ಬಿತ್ತು. ಠಪ್.

ಠಣ್ಣಕ್ಕ ತುಳಿಯುವುದನ್ನು ನಿಲ್ಲಿಸಿದಳು. ತಳದಲ್ಲಿ ಬಿರುಕು, ಅದೂ ಅಡ್ಡಕ್ಕೆ. ಇನ್ನೊಂದು ಏಟು ಬೀಳಲಿಲ್ಲ, ಸಲಾಕೆಯ ಸದ್ದೂ ಬರಲಿಲ್ಲ. ಸೀಮೆಸುಣ್ಣ ಕಿರ್ ಎಂದಿತು. ತಗಡಿನ ಸಂದಿಯಿಂದ ನೋಡಿದಳು. ಜಾಡಿ ಉರುಳುವಾಗ ತಳದಲ್ಲಿ ಎರಡು ಗುಳಿ ಕಂಡವು. ಚಿಕ್ಕವಳು ಸ್ಟೂಲಿಗೆ ಬರುವ ಮುಂಚೆ ಮಾಡಿಟ್ಟದ್ದು, ಈಗ ಗೂಡಿನಿಂದ ಇಳಿದಿದೆ. ತನ್ನ ಜಾಡಿ ತಾನೇ ಒಡೆಯುವಷ್ಟು ಕಟ್ಟಳೆ ಅವಳಿಗೆ ಇನ್ನೂ ಅಂಟಿರಲಿಲ್ಲ.

ಮೈದುನ ಜಾಡಿ ಉರುಳಿಸಿಕೊಂಡು ಅಂಗಳದ ಬದಿಗೇ ಬಂದ. ಬಲಗಡೆ ನಿಂತು ಕೇಳಿದ.

"ಅತ್ತಿಗೆ, ಕಿವಿ ಹೇಗಿದೆ?"

ಅವಳು ಅವನನ್ನು ನೋಡಿದಳು, ಜಾಡಿಯನ್ನು ನೋಡಿದಳು. ಒಂದು ಮಾತು ಸಾಕಿತ್ತು. ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಹಾವಿನ ಮಾತು ತೆಗೆದು ನಗುತ್ತಾರೆ ಎಂದು ಅನ್ನಿಸಿತು. ಅದು ನೆಪ. ನಿಜ ಏನೆಂದರೆ, ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಕಿವಿಯ ಹತ್ತಿರ ಕೈಯಾಡಿಸಿ, ಕೇಳುವುದಿಲ್ಲ ಎಂದು ತಲೆಯಲ್ಲಾಡಿಸಿದಳು. ಮೈದುನ ಲೊಚಗುಟ್ಟಿ ಜಾಡಿ ಉರುಳಿಸಿಕೊಂಡು ಹೋದ.

ಸಂಜೆ ಲಾರಿಯ ಹತ್ತಿರ, ಆಸಿಡ್ ತುಂಬಿದ ಆ ಜಾಡಿಯ ತಳ ಕಳಚಿತು. ಬೊಂಬಿನ ಮುಂದಿನವನು ಹಾರಿದ. ಹಿಂದಿದ್ದ ಮೈದುನನಿಗೆ ಹಾರಲು ಜಾಗವಿರಲಿಲ್ಲ. ಅವನ ಕೂಗನ್ನು ಎಲ್ಲರಿಗಿಂತ ಮೊದಲು ಕೇಳಿದವಳು ಠಣ್ಣಕ್ಕ. ನೀರಿನ ಪೈಪು ಎಳೆದುಕೊಂಡು ಮೊದಲು ಓಡಿದವಳೂ ಅವಳೇ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದಳು. ಎರಡು ಗುಳಿಯ ತಳದ ಚೂರನ್ನು ಮೇಸ್ತ್ರಿ ತಂದು ತೋರಿಸಿ ಹೋಗಿದ್ದ. ಅಂಚಿನುದ್ದಕ್ಕೂ ಕಪ್ಪು ಗೆರೆ. ಚಿಕ್ಕವಳು ಬಂದು ಠಣ್ಣಕ್ಕನ ಎದುರಿಗೆ ನಿಂತಳು. ನಡುವೆ ಅತ್ತೆ ಇರಲಿಲ್ಲ.

"ಅಷ್ಟು ದೂರದಿಂದ ಕೂಗು ಕೇಳಿ ಓಡಿ ಬಂದ್ಯಲ್ಲ, ಗೋಡೆ ಪಕ್ಕ ನಿಂತು ಜಾಡಿ ಸದ್ದು ಕೇಳಲಿಲ್ವಾ? ನಿನಗೆ ಗೊತ್ತಿತ್ತು! ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ!"

"ನೀನು ಬಡಿದದ್ದಲ್ವಾ? ನಿನಗೇ ಕೇಳಿಸಲಿಲ್ವಾ?"

"ಕೇಳಿಸ್ತು" ಎಂದಳು ಚಿಕ್ಕವಳು. ಆಮೇಲೆ, "ನೀನು ಹೇಳಬಹುದಿತ್ತು."

"ನನಗೆ ಕಿವಿ ಕೇಳಲ್ಲ. ಎಲ್ಲರ ಎದುರಿಗೆ ನೀನೇ ತಾನೇ ತೋರಿಸಿದ್ದು?"

ಚಿಕ್ಕವಳು ಕೈಯೆತ್ತಿದಳು. ಏಟು ಎಡಗಿವಿಯ ಮೇಲೆ ಬಿತ್ತು. ಓಲೆ ಕಿತ್ತು ಕಾರಿಡಾರಿನ ಆ ತುದಿಗೆ ಉರುಳಿತು. ಅದು ಉರುಳಿದ್ದು, ನಿಂತದ್ದು, ಎರಡೂ ಠಣ್ಣಕ್ಕನಿಗೆ ಕೇಳಿಸಿದವು.

ಮಾಲೀಕ ಇಬ್ಬರನ್ನೂ ಕೆಲಸದಿಂದ ತೆಗೆದ. ಸ್ಟೂಲಿನ ಮೇಲೆ ಈಗ ಮೇಸ್ತ್ರಿಯ ಭಾವಮೈದುನ ಕೂರುತ್ತಾನೆ.

ಹೋದದ್ದು ಇಷ್ಟು: ಚೆನ್ನಾಗಿದ್ದ ಹತ್ತೊಂಬತ್ತು ಜಾಡಿ, ಬಿರುಕಿದ್ದ ಒಂದು, ಎರಡು ಕೆಲಸ, ಒಂದು ಓಲೆ, ಮೈದುನನ ಎಡಪಾದದ ಮೂರು ಬೆರಳು.