ಯಾವ ತಾರೀಕಿನಿಂದ

ವಾಪಸ್ ತರಿಸಬೇಕಾದ ಪೊಟ್ಟಣಗಳ ಪಟ್ಟಿಯಲ್ಲಿ ಒಂದೇ ಜಾಗ ಖಾಲಿಯಿತ್ತು: ಯಾವ ತಾರೀಕಿನಿಂದ ಎಂಬುದು. ಅದನ್ನು ತುಂಬಬೇಕಾದವಳು ನಾನು.

ಹಣ್ಣು ಹೆಚ್ಚಿ, ಹೆಪ್ಪುಗಟ್ಟಿಸಿ, ಪೊಟ್ಟಣ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ವಾರಕ್ಕೊಮ್ಮೆ, ಮುಂಚೆ ತಿಳಿಸದೆ ಯಾವುದೋ ಒಂದು ದಿನ, ಹತ್ತಿಕಡ್ಡಿಯಿಂದ ಹಣ್ಣು ಸಾಗುವ ಬೆಲ್ಟಿನ ಅಡಿಭಾಗ ಒರೆಸಿ ತಂದು, ರೋಗಾಣು ಬೆಳೆಯುತ್ತದೆಯೇ ಎಂದು ನೋಡಬೇಕು. ಕಳೆದ ವಾರ ನನಗೆ ಜ್ವರ. ಬದಲಿಗೆ ಬಂದವನು ಯಾರಿಗೂ ಹೇಳದೆ ಹೋಗಿ ಒರೆಸಿದ. ಇವತ್ತು ಬೆಳಿಗ್ಗೆ ಫಲಿತಾಂಶ ಬಂತು, ಲಿಸ್ಟೀರಿಯಾ ಇರಬಹುದೆಂದು. ಬೇಯಿಸದೆ ತಿನ್ನುವ ಹಣ್ಣು. ಬಸುರಿಯರು ತಿಂದರೆ ಹೊಟ್ಟೆಯೊಳಗಿನ ಕೂಸಿಗೇ ಕುತ್ತು.

ಕೊನೆಯ ಬಾರಿ ಫಲಿತಾಂಶ ಸರಿಯಿದ್ದ ದಿನದಿಂದೀಚೆಗೆ ತಯಾರಾದದ್ದನ್ನೆಲ್ಲ ವಾಪಸ್ ತರಿಸುವುದು ನಿಯಮ. ಕಾಗದದ ಪ್ರಕಾರ ಅದು ಎರಡು ವಾರದ ಮಾಲು. ಅಷ್ಟೇ ಆದರೆ ಕಾರ್ಖಾನೆ ಉಳಿಯುತ್ತದೆ.

ಆದರೆ ಪ್ರತಿ ವಾರ ಹಿಂದಿನ ದಿನವೇ ನಾನು ಅಕ್ಕನಿಗೆ ಹೇಳುತ್ತಿದ್ದೆ, ನಾಳೆ ಬರುತ್ತೇನೆಂದು. ಆ ಬೆಲ್ಟಿನ ಉಸ್ತುವಾರಿ ಅವಳದು. ಒಂದೇ ಮನೆಯಲ್ಲಿ ಉಂಡು ಮಲಗುವವರು ಹೇಳದಿರುವುದು ಹೇಗೆ ಅಂದುಕೊಂಡಿದ್ದೆ. ಮರುದಿನ ಅವಳು ಬೇಗ ಹೋಗಿ ಬೆಲ್ಟ್ ಬಿಚ್ಚಿಸಿ ಬಿಸಿನೀರು ಹೊಯ್ಯಿಸುತ್ತಿದ್ದಳು. ಹದಿನಾಲ್ಕು ತಿಂಗಳು ನಾನು ಒರೆಸಿದ್ದು ಆಗತಾನೆ ತೊಳೆದ ಬೆಲ್ಟನ್ನು.

ಊಟದ ವಿರಾಮದಲ್ಲಿ ಅಕ್ಕ ಬೂಟು ಕಳಚದೆಯೇ ಲ್ಯಾಬಿನೊಳಗೆ ಬಂದಳು.

"ಓದಿದವಳು ನೀನು. ಒಂದು ತಾರೀಕು ಬರೆಯೋಕೆ ಬೆಳಿಗ್ಗೆಯಿಂದ ಕೂತಿದೀಯಂತೆ."

ಎರಡು ವಾರ ಅಂತ ಬರೆದು ಕೈ ತೊಳೆದುಕೋ ಅಂದಳು. ಇಲ್ಲಿಯವರೆಗೆ ಒಬ್ಬರಿಗಾದರೂ ವಾಂತಿಯಾದ ಸುದ್ದಿಯಿಲ್ಲವಲ್ಲ ಅಂದಳು. ಕೈಕೆಳಗಿನ ಇಪ್ಪತ್ತೆರಡು ಹೆಂಗಸರಲ್ಲಿ ಯಾರ ಗಂಡ ಹಾಸಿಗೆ ಹಿಡಿದಿದ್ದಾನೆ, ಯಾರಿಗೆ ಗಂಡನೇ ಇಲ್ಲ ಎಂದು ಒಬ್ಬೊಬ್ಬರನ್ನೇ ಹೇಳತೊಡಗಿದಳು.

"ಮಿಕ್ಕ ದಿನ ಬೆಲ್ಟ್ ಬಿಚ್ಚಿ ತೊಳೀತಿದ್ರಾ, ಅಕ್ಕ?"

"ಬಿಚ್ಚೋಕೆ ಒಂದೂವರೆ ಗಂಟೆ ಬೇಕು. ಯಾರು ಕೊಡ್ತಾರೆ? ನಿಮ್ಮಪ್ಪ ಕೊಡ್ತಾನಾ?"

ನಮ್ಮಿಬ್ಬರಿಗೂ ಅಪ್ಪ ಒಬ್ಬನೇ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು.

"ಬರ್ತೀನಿ ಅಂತ ನಾನು ಹೇಳಬಾರದಿತ್ತು."

"ಹಾಗಾದ್ರೆ ತಪ್ಪು ನಿಂದು. ನನ್ನ ಅನ್ನಕ್ಕೆ ಯಾಕೆ ಮಣ್ಣು ಹಾಕ್ತೀಯ?"

ಅವಳು ನೋಡುತ್ತಿದ್ದಂತೆಯೇ ನಾನು ಕೆಲಸಕ್ಕೆ ಸೇರಿದ ದಿನದ ತಾರೀಕು ಬರೆದೆ. ಅಕ್ಕ ತಡೆಯಲಿಲ್ಲ, ಕಾಗದ ಕಿತ್ತುಕೊಳ್ಳಲಿಲ್ಲ.

ಗುಣಮಟ್ಟದ ಅಧಿಕಾರಿ ಬಂದು ಕಾಗದ ಎತ್ತಿಕೊಂಡರು. ಎರಡು ಸಲ ಓದಿದರು. ನಾನು ಎಲ್ಲವನ್ನೂ ಹೇಳಿದೆ, ಒಂದು ಹೆಸರನ್ನು ಬಿಟ್ಟು.

"ಯಾರಿಗೆ ಹೇಳ್ತಿದ್ದೆ?"

ಉತ್ತರ ಕೊಟ್ಟವಳು ಅಕ್ಕ.

"ನನಗೆ ಸಾರ್. ನಾನು ಒಂದು ದಿನವೂ ಕೇಳಿದವಳಲ್ಲ. ಇವಳೇ ಬಂದು ಬಂದು ಹೇಳ್ತಿದ್ಲು."

ಅದು ನಿಜ. ಇಬ್ಬರೂ ನಾಳೆಯಿಂದ ಬರುವುದು ಬೇಡವೆಂದು ಹೇಳಿ ಅಧಿಕಾರಿ ಪಕ್ಕದ ಕೋಣೆಗೆ ಹೋದರು. ಹದಿನಾಲ್ಕು ತಿಂಗಳ ಹಿಂದಿನಿಂದ ಹಿಡಿದು ಪೊಟ್ಟಣಗಳ ಸಂಖ್ಯೆಗಳನ್ನು ಫೋನಿನಲ್ಲಿ ಒಂದೊಂದಾಗಿ ಓದತೊಡಗಿದರು. ಮೊದಲ ವಾರದ ಸಂಖ್ಯೆಗಳು ಮುಗಿಯುವವರೆಗೂ ಅಕ್ಕ ಅಲುಗಾಡದೆ ಕೇಳಿದಳು.

"ಸಂಜೆಯೊಳಗೆ ಮನೆಯಿಂದ ನಿನ್ನ ಗಂಟುಮೂಟೆ ತಗೊಂಡು ಹೋಗು," ಅಂದಳು. "ನಾನಿಲ್ಲದಾಗ ಬಾ."